ಆನೆಯ ಸೀನು

ಜೂನ್ 4
ಇಲ್ಲಿಯವರೆಗಿನ ಖರ್ಚು: ಬಾಡಿಗೆಗೆ ಹೋಗಬೇಕಿದ್ದ ಸ್ಪೀಕರ್ ಆರು, ಸ್ಟೋರ್ ರೂಮಿನ ಬಾಗಿಲು ಒಂದು (ಬೆಂಚಿಗೆ ಹಲಗೆ ಸಾಲಲಿಲ್ಲ), ಹೆಂಡತಿಯ ತಾಳ್ಮೆ ಪೂರ್ತಿ. ಬಂದದ್ದು: ಸೊನ್ನೆ.
ಕಿವಿ ಕೇಳುವವರೂ ಕೇಳದವರೂ ಒಟ್ಟಿಗೆ ಕೂತು ಸವಿಯುವ ಶೋ ಮಾಡಿಕೊಡುತ್ತೇನೆಂದು ಹಾಲ್ ಮ್ಯಾನೇಜರ್ ಎದುರು ಬಡಾಯಿ ಕೊಚ್ಚಿ ಬಂದವನು ನಾನೇ. ಪರದೆಯಿಲ್ಲ, ಚಿತ್ರವಿಲ್ಲ. ಕಥೆ ಸಣ್ಣದು. ಆನೆಯೊಂದು ಕಳ್ಳಹೆಜ್ಜೆ ಇಟ್ಟು ಬರುತ್ತದೆ, ಸೀನುತ್ತದೆ. ಗೋಡೆಯ ಸ್ಪೀಕರಿನಲ್ಲಿ ಸದ್ದು, ಬೆಂಚಿನಡಿ ಕಟ್ಟಿದ ಆ ಆರು ಸ್ಪೀಕರಿನಿಂದ ನಡುಕ.
ಹುಟ್ಟಿನಿಂದ ಕಿವಿ ಕೇಳದ ಅಕ್ಕನನ್ನು ಕೂರಿಸಿ ಫುಲ್ ವಾಲ್ಯೂಮ್ ಕೊಟ್ಟೆ. ದಡಕ್ಕನೆ ಎದ್ದಳು. ಕೈಯಲ್ಲೇ ಬೈದಳು: "ಯಾಕೋ ಹೀಗೆ ಕಿರುಚ್ತೀಯ? ನಾನೇನು ಪಕ್ಕದೂರಲ್ಲಿದ್ದೀನಾ?"

ಜೂನ್ 5
ಅಕ್ಕ ನನ್ನ ಹೆಡ್‌ಫೋನ್ ಕಿತ್ತುಕೊಂಡಳು. ನನ್ನನ್ನೇ ಬೆಂಚಿನ ಮೇಲೆ ಕೂರಿಸಿ, ಕಿವಿಗೆ ಹತ್ತಿ ತುರುಕಿ, ಮೇಲೆ ಅಂಗೈ ಒತ್ತಿದಳು. ಹೆಂಡತಿ ಸ್ವಿಚ್ ಹಾಕಿದಳು. ಆನೆ ಎಲ್ಲಿ? ಕೆಟ್ಟ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟು! ಉದ್ದದ ಹಲಗೆ, ಒಟ್ಟಿಗೇ ನಡುಗುತ್ತದೆ. ನಡಿಗೆಯೇ ಇಲ್ಲ.
ಗರಗಸ ತಂದೆ. ಬೆಂಚು ಆರು ತುಂಡು, ನಡುನಡುವೆ ರಬ್ಬರ್.
"ಬಾಗಿಲು ವಾಪಸ್ ಬರಲ್ಲ ಅಂತಾಯ್ತು," ಅಂದಳು ಹೆಂಡತಿ.

ಜೂನ್ 12
ಆನೆ ನಡೆಯಿತು! ಎಡತುದಿಯಿಂದ ಒಂದೊಂದೇ ಹಲಗೆ, ಮೆಲ್ಲಗೆ... ಅಕ್ಕ ಕಾಲು ಮೇಲೆತ್ತಿಕೊಂಡಳು, ತುಳಿದೀತೆಂದು. ಆದರೂ ಶೋಗೆ ಬರುವುದಿಲ್ಲವಂತೆ.
ಕಾರಣ ಊಟದ ಹೊತ್ತಿಗೆ ತಿಳಿಯಿತು. ಹೆಂಡತಿ ಏನೋ ತಮಾಷೆ ಹೇಳಿದಳು. ನಾನು ಕೆಮ್ಮು ಬರುವಷ್ಟು ನಕ್ಕೆ. "ಏನು, ಏನು?" — ಅಕ್ಕನ ಕೈ. "ಆಮೇಲೆ ಹೇಳ್ತೀನಿ," ಎಂದು ಸನ್ನೆ ಮಾಡಿದೆ. ತಟ್ಟೆ ಸರಿಸಿದಳು.
"ಹುಟ್ಟಿದಾಗಿಂದ ಆಮೇಲೇ! ಎಲ್ಲರೂ ನಕ್ಕು ಮುಗಿಸಿದ ಮೇಲೆ ನನ್ನ ಸರದಿ. ನಿನ್ನ ಶೋನಲ್ಲೂ ಕೊನೇಲಿ ನಗೋಕೆ ನಾನ್ಯಾಕೆ ಬರ್ಲಿ?"


ಜೂನ್ 13
ಸದ್ದನ್ನು ಮೂರು ಸೆಕೆಂಡ್ ಹಿಂದಕ್ಕೆ ತಳ್ಳಿದೆ. ನಡುಕ ಮೊದಲು. ಹಾಲ್‌ನಲ್ಲಿ ಕೇಳುವವರಿಗೂ ಅಂಥದೇ ಬೆಂಚು. ಆದರೆ ಕಿವಿ ಹೇಳದೆ ನಮಗೆ ಯಾವುದೂ ತಲೆಗೆ ಹೋಗುವುದಿಲ್ಲ.
ಟ್ರಯಲ್ ನೋಡುತ್ತಿದ್ದ ಮ್ಯಾನೇಜರ್ ಓಡಿಬಂದರು. "ಸೌಂಡ್ ಲೇಟಾಗಿ ಬರ್ತಿದೆಯಲ್ರೀ. ರಿಪೇರಿ ಮಾಡಿ."
"ರಿಪೇರಿ ಮಾಡಿದ್ಮೇಲೇ ಹೀಗಾಗಿರೋದು, ಸಾರ್."
"ಜನ ಬೈದ್ರೆ?"
"ಅದೂ ಮೂರು ಸೆಕೆಂಡ್ ಲೇಟಾಗೇ ಬರುತ್ತೆ ಬಿಡಿ."
ಮನೆಗೆ ಬಂದು ಅಕ್ಕನಿಗೆ ಇಷ್ಟೇ ಹೇಳಿದೆ: "ಒಂದೇ ಒಂದ್ಸಲ ಬಾ."

ಜೂನ್ 20
ಬಂದಳು! ತನ್ನಂತೆಯೇ ಕಿವಿ ಕೇಳದ ಗೆಳತಿಯರನ್ನೂ ಎಳೆದುಕೊಂಡು. ಆನೆ ನಡೆಯಿತು, ನಿಂತಿತು... ಸೀನು! ಅಕ್ಕನ ಸಾಲು ಹೋ ಎಂದು ನಕ್ಕಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ ಕಣ್ಣು ಕಣ್ಣು ಬಿಟ್ಟು ಸನ್ನೆ ಮಾಡಿದಳು: "ಏನಾಯ್ತು ಅತ್ತಿಗೆ?"
ಅಕ್ಕನ ಕೈ: "ಆಮೇಲೆ ಹೇಳ್ತೀನಿ."
ಆಗ ಸ್ಪೀಕರ್ ಸೀನಿತು. ಉಳಿದವರೆಲ್ಲ ನಕ್ಕರು. ಅಷ್ಟರಲ್ಲಿ ಅಕ್ಕನ ಸಾಲು ಇವರನ್ನು ನೋಡಿ ಎರಡನೇ ಸಲ ನಗುತ್ತಿತ್ತು.

ಅದೇ ದಿನ, ಮನೆ
ಯಾರಿಗೆ ಏನು ಸಿಕ್ಕಿತು —
ಮ್ಯಾನೇಜರಿಗೆ: ತುಂಬಿದ ಹಾಲ್.
ಹೆಂಡತಿಗೆ: ಹೊಸ ಬಾಗಿಲು. ಸದ್ಯಕ್ಕೆ ಬರೀ ಮಾತು, ಸಾಕ್ಷಿಗೆ ಅಕ್ಕ.
ಅಕ್ಕನಿಗೆ: ನಗು ಎರಡು. ಒಂದು, ಎಲ್ಲರಿಗಿಂತ ಮೊದಲು.
ನನಗೆ: ಹೊರಡುವಾಗ ಅಕ್ಕ ಗೆಳತಿಯರಿಗೆ ನನ್ನನ್ನೇ ತೋರಿಸಿ ಬಿದ್ದು ಬಿದ್ದು ನಗುತ್ತಿದ್ದಳು. ಏನೆಂದು ಕೇಳಿದೆ. "ಆಮೇಲೆ."
ಕಾಯುತ್ತಿದ್ದೇನೆ. ಈಗ ಅಡುಗೆಮನೆಯಲ್ಲಿ ಹೆಂಡತಿಯೂ ನಗುತ್ತಿದ್ದಾಳೆ. ಇವಳಿಗೆ ಆಗಲೇ ಹೇಳಿಬಿಟ್ಟಳೇ? ತಡಿ, ಹೋಗಿ—