ಹೊಟ್ಟೆಯ ಗಾಜು, ಎದೆಯ ಗಾಜು: ಗುರುವಾರದೊಳಗೆ ಒಟ್ಟಿಗೆ ನೋಡಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಬರುವ ಗುರುವಾರ ಬೆಳಿಗ್ಗೆ ನಿಮ್ಮ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಎಡ ಸ್ತನವನ್ನು ತೆಗೆಯಲಿದ್ದಾರೆ. ಅದರಲ್ಲಿರುವ ಕ್ಯಾನ್ಸರ್ ಅಲ್ಲೇ ಹುಟ್ಟಿದ್ದೋ, ನಾಲ್ಕು ವರ್ಷದ ಹಿಂದೆ ನೀವೇ ಅವಳ ಅಪೆಂಡಿಕ್ಸಿನಿಂದ ತೆಗೆದ ಕ್ಯಾನ್ಸರ್ ಅಲ್ಲಿಗೆ ಹರಡಿದ್ದೋ ಎಂದು ಇದುವರೆಗೆ ಯಾರೂ ನೋಡಿಲ್ಲ. ಆ ಹಳೆಯ ಗಡ್ಡೆಯ ಚೂರನ್ನು ತೆಳುವಾಗಿ ಕೊಯ್ದು ಅಂಟಿಸಿದ ಗಾಜು ನಿಮ್ಮದೇ ಹಳೆಯ ಕಟ್ಟಡದ ಉಗ್ರಾಣದಲ್ಲಿದೆ. ಅದನ್ನು ತರಿಸಿ ನೋಡುವವರಿಲ್ಲ. ನನ್ನ ದೂರು ಇಷ್ಟೇ.

ನಾನು ದರ್ಜಿ, ಅಕ್ಕ ಬಸ್ ಕಂಡಕ್ಟರ್. ಅವಳ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ ಟೇಪಿನ ಕೆಳಗೆ ಗಂಟು ಸಿಕ್ಕಿತು. "ಏನಕ್ಕಾ ಇದು?" ಎಂದೆ. "ಬ್ಯಾಗಿನ ಪಟ್ಟಿ ಉಜ್ಜಿ ಆಗಿರಬೇಕು, ಬಿಡೇ" ಎಂದಳು. ನಾನು ಬಿಡಲಿಲ್ಲ, ಮರುದಿನವೇ ಹಳೆಯ ನೀಲಿ ಫೈಲಿನ ಸಮೇತ ನಿಮ್ಮಲ್ಲಿಗೆ ಎಳೆದು ತಂದೆ. ಕೌಂಟರಿನಲ್ಲಿದ್ದ ಗುಮಾಸ್ತರು ಫೈಲು ತೆರೆಯದೆಯೇ ವಾಪಸು ತಳ್ಳಿದರು. "ಇದು ಹೊಟ್ಟೆ ಫೈಲಮ್ಮಾ. ಇಲ್ಲಿ ಎದೆ ಮಾತ್ರ. ಮನೇಲಿರೋದೆಲ್ಲ ಹೊತ್ಕೊಂಡು ಬರ್ಬೇಡಿ" ಎಂದು ನಾಲ್ಕು ಜನರೆದುರು ಗದರಿದರು.

ದೇಹಕ್ಕೂ ವಿಭಾಗಗಳ ನಡುವೆ ಗೋಡೆ ಕಟ್ಟಿದ್ದಾರೆಂದು ನನಗೆ ತಿಳಿದಿರಲಿಲ್ಲ. ರಕ್ತ ಕೂಡ ಚೀಟಿ ಬರೆಸಿಕೊಂಡೇ ಹೊಟ್ಟೆಯಿಂದ ಎದೆಗೆ ಹರಿಯುತ್ತದೆಯೇ, ಸ್ವಾಮಿ?

ಇನ್ನು ನನ್ನ ತಪ್ಪು. ಎರಡನೇ ಸಲ ಬರುವಾಗ, ಮತ್ತೆ ಬೈಸಿಕೊಳ್ಳುವುದೇಕೆ ಎಂದು ಆ ಫೈಲನ್ನು ನಾನೇ ಚೀಲದಿಂದ ತೆಗೆದಿಟ್ಟೆ. ಅಂದೇ ಸೂಜಿ ಹಾಕಿ ಗಂಟಿನ ಚೂರು ತೆಗೆದರು. ಪ್ರಯೋಗಾಲಯಕ್ಕೆ ಹೋದ ನಮೂನೆಯಲ್ಲಿ "ಹಿಂದಿನ ಕಾಯಿಲೆ" ಎಂಬ ಸಾಲಿನ ಮುಂದೆ "ಇಲ್ಲ" ಎಂದು ಬರೆದರು. ಕೇಳಿ ಬರೆದದ್ದಲ್ಲ, ಹಾಗೇ ಬರೆದದ್ದು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ವರದಿ ಬಂತು: ಸ್ತನದ ಕ್ಯಾನ್ಸರ್, ಲೋಳೆ ತುಂಬಿದ ಬಗೆ. ಲೋಳೆ ಎಂಬ ಪದ ನೋಡಿ ಮನೆಯಲ್ಲಿಟ್ಟಿದ್ದ ಫೈಲು ಬಿಚ್ಚಿದೆ. ನೀಲಿ ಫೈಲಿನಲ್ಲೂ ಅದೇ ಪದವಿತ್ತು. ಎರಡನ್ನೂ ಹಿಡಿದು ಪ್ರಯೋಗಾಲಯದ ವೈದ್ಯೆಯ ಬಳಿ ಓಡಿದೆ. ಆಕೆ ಪುಣ್ಯಾತ್ಗಿತ್ತಿ, ಕೂರಿಸಿ ಮಾತಾಡಿದರು. "ಎದೆಯಲ್ಲೇ ಹುಟ್ಟಿದ್ದೂ ಹೀಗೇ ಕಾಣುತ್ತೆ, ಹೊಟ್ಟೆಯಿಂದ ಬಂದಿದ್ದೂ ಹೀಗೇ ಕಾಣಬಹುದು. ಹಳೇ ಕಾಯಿಲೆ ವಿಷಯ ಮೊದಲೇ ಹೇಳಿದ್ದಿದ್ರೆ, ಗಡ್ಡೆ ಎಲ್ಲಿಂದ ಬಂತು ಅಂತ ತೋರಿಸೋ ಬೇರೆ ಬಣ್ಣದ ಪರೀಕ್ಷೆಗಳನ್ನೂ ಮಾಡ್ತಿದ್ದೆ. ಹಳೇ ಗಾಜು ತರಿಸಿ, ಪಕ್ಕದಲ್ಲಿಟ್ಟು ನೋಡ್ಬೇಕು" ಎಂದರು.

ತರಿಸುವವರು ಯಾರು? ಹೊಟ್ಟೆಯ ವಿಭಾಗ ಹೇಳುತ್ತದೆ: ರೋಗಿ ಈಗ ನಮ್ಮವರಲ್ಲ. ಎದೆಯ ವಿಭಾಗ ಹೇಳುತ್ತದೆ: ಗಾಜು ನಮ್ಮದಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ನಾನು ಆರು ದಿನ ಮೆಟ್ಟಿಲು ಹತ್ತಿ ಇಳಿದೆ. ಶಸ್ತ್ರಚಿಕಿತ್ಸಕರಂತೂ ನಕ್ಕುಬಿಟ್ಟರು: "ಅಪೆಂಡಿಕ್ಸಿನಿಂದ ಎದೆಗಾ? ಲಕ್ಷಕ್ಕೊಂದು ಕೇಸಮ್ಮಾ ಅದು!" ಇರಬಹುದು. ಅಪೆಂಡಿಕ್ಸಿನ ಕ್ಯಾನ್ಸರೂ ಅಪರೂಪವೆಂದು ಇದೇ ಆಸ್ಪತ್ರೆ ಆಗ ಹೇಳಿತ್ತು. ಅಪರೂಪ ಒಮ್ಮೆ ಮನೆಗೆ ಬಂದಿದೆ, ಎರಡನೇ ಸಲ ಬರುವುದಿಲ್ಲವೆಂದು ಬರೆದುಕೊಡುತ್ತೀರಾ?

ಅಲ್ಲೇ ಹುಟ್ಟಿದ್ದಾದರೆ ತೆಗೆಯುವುದು ಸರಿಯೇ. ಹೊಟ್ಟೆಯಿಂದ ಬಂದದ್ದಾದರೆ ಚಿಕಿತ್ಸೆಯ ದಾರಿಯೇ ಬೇರೆಯಂತೆ. ಆಗ ಸ್ತನವೂ ಹೋಗುತ್ತದೆ, ರೋಗವೂ ಒಳಗೆ ಹಾಯಾಗಿ ಬೆಳೆಯುತ್ತದೆ. ಅಕ್ಕ ನಿನ್ನೆ ಊಟದ ತಟ್ಟೆ ಸರಿಸಿ ಹೇಳಿದಳು: "ದಿನಾ ಸಾವಿರ ಜನಾನ ಎಲ್ಲಿ ಹತ್ತಿದ್ರಿ ಅಂತ ಕೇಳ್ತೀನಿ ಕಣೇ. ಇದು ಎಲ್ಲಿ ಹತ್ತಿತು ಅಂತ ಇಷ್ಟು ದೊಡ್ಡ ಆಸ್ಪತ್ರೇಲಿ ಒಬ್ರೂ ಕೇಳಲ್ವಾ?"

ಆದ್ದರಿಂದ ಒತ್ತಾಯಿಸುತ್ತಿದ್ದೇನೆ. ನಿಮ್ಮ ಒಂದು ಸಹಿಯಿಂದ ಉಗ್ರಾಣದ ಬೀಗ ತೆಗೆಸಿ. ಎರಡು ಗಾಜನ್ನೂ ಒಬ್ಬರೇ ವೈದ್ಯರು ಒಟ್ಟಿಗೆ ನೋಡಲಿ, ಬೇಕಾದ ಪರೀಕ್ಷೆ ನಡೆಯಲಿ. ಗುರುವಾರದೊಳಗೆ ಮುಗಿಯದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ. ಎರಡೂ ಬೇರೆ ಬೇರೆ ಎಂದಾದರೆ ಅಕ್ಕನನ್ನು ನಾನೇ ಕೈಹಿಡಿದು ಕರೆತಂದು, ಎಲ್ಲರೆದುರು ನಿಮ್ಮ ಕ್ಷಮೆ ಕೇಳುತ್ತೇನೆ. ಒಂದೇ ಎಂದಾದರೆ ನೀವು ನನ್ನ ಕ್ಷಮೆ ಕೇಳುತ್ತ ಕೂರಬೇಡಿ. ಅಂದೇ ಸರಿಯಾದ ಚಿಕಿತ್ಸೆ ಶುರು ಮಾಡಿ.

ಇಂತಿ,
ನಿಮ್ಮ ಮೆಟ್ಟಿಲು ಹತ್ತಿಳಿಯುತ್ತ ಆರು ದಿನದಿಂದ ಕತ್ತರಿ ಮುಟ್ಟದ
ಒಬ್ಬ ದರ್ಜಿ