ಹೊಸ ಸ್ಮಶಾನದ ಮೊದಲ ಕಾವಲು

ಪೂಜ್ಯ ಪಾದ್ರಿ ಆಸ್ಪಿನಾಲ್ ಅವರಿಗೆ,

ನಿಮ್ಮ ಕರಿನಾಯಿಯನ್ನು ಕದ್ದ ಮಹಾಪಾತಕಿ ನಾನೇ ಎಂದು ದೇವರ ಮತ್ತು ನಿಮ್ಮ ಅಡುಗೆಯವಳ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ. ನಮ್ಮ ಯಾರ್ಕ್‌ಶೈರಿನ ನಂಬಿಕೆ ನಿಮಗೆ ಗೊತ್ತು: ಚರ್ಚಿನ ಹೊಸ ಸ್ಮಶಾನದಲ್ಲಿ ಮೊದಲು ಮಣ್ಣಾದವರು ಭೂತವಾಗಿ ಅದನ್ನು ಕಾಯಬೇಕು. ಅದಕ್ಕೇ ಮೊದಲು ಕರಿನಾಯಿಯೊಂದನ್ನು ಹೂಳುವುದು. ನಮ್ಮಮ್ಮ ಇನ್ನೆರಡು ದಿನ ಉಳಿದರೆ ಹೆಚ್ಚು. ಆ ಕಾವಲು ಅವಳ ಪಾಲಿಗೆ ಬರಬಾರದೆಂದು, ಕಲ್ಲೆದೆಯವನಂತೆ ನಾನೇ ನಾಯಿ ಹೂಳುತ್ತೇನೆಂದು ಊರಿಗೆಲ್ಲ ಸಾರಿದ್ದೆ.

ಅಮ್ಮ ಅರೆನಿದ್ದೆಯಲ್ಲೇ ಅಂದಳು: "ನಾನೇ ಕಾಯ್ತೀನಿ ಬಿಡೋ. ಗೋಡೆ ಮೇಲೆ ಮಂಜು ನಡ್ಕೊಂಡು ಹೋಗ್ತಿರುತ್ತೆ, ನೋಡ್ತಾ ಕೂತಿರ್ತೀನಿ. ನೀನು ಕುಡಿದು ಬರೋದನ್ನ ಮೂವತ್ತು ವರ್ಷ ಕಾದಿಲ್ವಾ?"

ದಯವಿಟ್ಟು ಅವಳಿಗೆ ಹಳೆಯ ಸ್ಮಶಾನದಲ್ಲಿ, ಅಪ್ಪನ ಗುಂಡಿಯಲ್ಲೇ ಜಾಗ ಕೊಡಿ. ನಾಯಿಗೆಂದು ಹೊಂಡವನ್ನೇನೋ ತೋಡಿದೆ. ನಾಯಿ ತಾನೇ ಒಳಗಿಳಿದು ಬಂದು ನನ್ನ ಕೈ ನೆಕ್ಕಿತು. ಅಲ್ಲೇ ಕೂತು, ಅದರ ಕುತ್ತಿಗೆ ತಬ್ಬಿಕೊಂಡು, ಗೊಳೋ ಎಂದು ಅತ್ತೆ.

ನಿಮ್ಮ ವಿಧೇಯ,
ಎಬೆನ್ ಮೆಟ್ಕಾಫ್