ಗೋದಾಮಿನ ಬೇಲಿಯೊಳಗೆ ಉಳಿದ ದಾಸಪ್ಪ

...ಗೇಟಿನ ಬೋರ್ಡಿನಲ್ಲಿ ‘ಫರ್ಬಿಡನ್’ ಎಂದರೆ ಬೈಬಲ್ಲಿನ ಹಣ್ಣು ನೆನಪಾಗುತ್ತದೆ, ಸರ್ಕಾರಿ ಗೋದಾಮಿಗೆ ಒಪ್ಪುವುದಿಲ್ಲ. ಹೀಗೇನೋ ಅಂದಿರಿ, ಗೋದಾಮಿನ ಅಧಿಕಾರಿಗಳೇ. ಅದರ ಬದಲು ತಾವು ‘ಪ್ರೊಹಿಬಿಟೆಡ್’ ಎಂದು ಬರೆಸಿದ ಬೋರ್ಡಿನ ಹಿಂದೆ, ಬೇರಿಕೆ ರಸ್ತೆಯ ನಮ್ಮ ಮಸಣವೂ ಬೇಲಿಯೊಳಕ್ಕೆ ಸೇರಿಹೋಗಿದೆ. ಅಲ್ಲಿ ರೈತ ದಾಸಪ್ಪನನ್ನು ಮಣ್ಣು ಮಾಡಿದ್ದೇವೆ. ಅವನ ಹೆಂಡತಿಯನ್ನು ಒಳಗೆ ಬಿಡುತ್ತಿಲ್ಲ. ದೂರು ಇಷ್ಟೇ.

ಪದಗಳ ವಿಷಯದಲ್ಲಿ ತಾವು ಎಷ್ಟು ಸೂಕ್ಷ್ಮ! ಇಂಗ್ಲಿಷ್ ಪಾಠ ಹೇಳುವ ನನ್ನನ್ನು ಕಚೇರಿಗೆ ಕರೆಸಿ ಕಾಫಿ ಕೊಟ್ಟಿರಿ. ಈ ಗಡಿಯೂರಿನಲ್ಲಿ ತಮಿಳಿನಲ್ಲಿ ಬರೆದರೆ ಕನ್ನಡದವರಿಗೆ ಬೇಸರ, ಕನ್ನಡದಲ್ಲಿ ಬರೆದರೆ ತಮಿಳರಿಗೆ, ಎರಡರಲ್ಲೂ ಬರೆದರೆ ತೆಲುಗಿನವರಿಗೆ. ಇಂಗ್ಲಿಷಾದರೆ ಯಾರಿಗೂ ತಿಳಿಯದು, ಆದ್ದರಿಂದ ಯಾರಿಗೂ ನೋವಿಲ್ಲ ಎಂದಿರಿ. ‘ನಾಟ್ ಪರ್ಮಿಟೆಡ್’ ಸಾಕು ಎಂದೆ ನಾನು. ಅನುಮತಿ ಇಲ್ಲವೆಂದರೆ, ಅನುಮತಿ ಕೊಡಬಲ್ಲವರೊಬ್ಬರು ಎಲ್ಲೋ ಕುಳಿತಿದ್ದಾರೆ ಎಂದಾಯಿತು, ಹೋಗಿ ಕೇಳಬಹುದು. ತಾವು ನಕ್ಕಿರಿ. “ಅದೇ ತೊಂದರೆ, ಕೇಳುವುದಕ್ಕೆ ಬಂದುಬಿಡುತ್ತಾರೆ.” ‘ಪ್ರೊಹಿಬಿಟೆಡ್’ ಎನ್ನಲು ಒಂದು ಕಾನೂನು ಬೇಕಲ್ಲವೇ, ಯಾವ ಕಾನೂನು ಎಂದೆ. ಕಾಫಿ ಆರುತ್ತಿದೆ ಎಂದಿರಿ.

ನಮ್ಮ ಕಡೆ ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಟ್ಟು, ಸತ್ತವನಿಗೆ ಎಡೆ ಇಡುತ್ತಾರೆ. ದಾಸಪ್ಪನನ್ನು ಹೂಳಿದಾಗ ಗೇಟು ತೆರೆದಿತ್ತು. ಹಾಲುತುಪ್ಪದ ಬೆಳಿಗ್ಗೆ ಬೀಗ ಬಿದ್ದಿತ್ತು, ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ಓದಿ ಹೇಳಲು ನನ್ನನ್ನು ಕರೆದರು.

“ಏನ್ ಬರ್ದವ್ರೆ ಸಾಮಿ?” ದಾಸಪ್ಪನ ಹೆಂಡತಿ ಮುನಿರತ್ನಮ್ಮ ಕೇಳಿದಳು, ಕೈಯಲ್ಲಿ ಹಾಲಿನ ಚೊಂಬು.

“ಒಳಕ್ಕೆ ಹೋಗಕೂಡದಂತಮ್ಮ.”

“ಯಾರಂತೆ ಹಂಗನ್ನೋರು?”

ಬೋರ್ಡನ್ನು ಮತ್ತೊಮ್ಮೆ ಓದಿದೆ, ಅದರಲ್ಲಿ ಯಾರ ಹೆಸರೂ ಇರಲಿಲ್ಲ. ದಾಸಪ್ಪನ ಅಣ್ಣ ದೊಡ್ಡಣ್ಣ ಗೇಟಿನ ಕಾವಲುಗಾರನ ಕಡೆ ತಿರುಗಿದ. “ಲೋ ಮುನಿಶಾಮಿ, ನಿಮ್ಮಪ್ಪನೂ ಒಳಗೇ ಅವ್ನೆ ಕಣ್ಲಾ! ಅವನಿಗೆ ಪಾಸ್ ಕೊಟ್ಟವ್ರಾ?”

“ಅವ್ನು ಬೋರ್ಡ್ ಹಾಕೋಕ್ಮುಂಚೆನೇ ಹೋಗ್ಬುಟ್ಟ ಕಣಣ್ಣೋ. ಬೀಗದ ಕೈ ಆಫೀಸ್ನಾಗೈತೆ, ನಾನೇನ್ ಮಾಡ್ಲಿ?”

ಕೆಲವರು ನಕ್ಕರು. ಮುನಿರತ್ನಮ್ಮ ಬಿಸಿಲೇರುವವರೆಗೆ ಕಾದಳು. ಕೊನೆಗೆ ಬೋರ್ಡಿನ ಕಂಬಕ್ಕೆ ಅರಿಶಿನ ಕುಂಕುಮ ಇಟ್ಟು, ಅದರ ಬುಡಕ್ಕೇ ಹಾಲುತುಪ್ಪ ಬಿಟ್ಟಳು. ಮುದ್ದೆ, ಅವರೆಕಾಳು ಸಾರಿನ ಎಡೆಯನ್ನೂ ಅಲ್ಲೇ ಇಟ್ಟಳು. ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು ಎಂದು ಮಾತ್ರ ತಿಳಿಯಿತು. ಸರ್ಕಾರಿ ಸ್ವತ್ತನ್ನು ಹಾಳುಮಾಡಿದ್ದಾರೆಂದು ಮರುದಿನ ತಾವು ಕಂಬ ತೊಳೆಸಿದಿರಂತೆ. ಅದೂ ಪ್ರೊಹಿಬಿಟೆಡ್ಡೇ?

ಹನ್ನೊಂದನೆಯ ದಿನದ ಕಾರ್ಯ ಇನ್ನೂ ಮುಂದಿದೆ. ಅಂದು ಬೀಗ ತೆಗೆಸಿ. ಆಗದಿದ್ದರೆ ತಾವೇ ಗೇಟಿಗೆ ಬಂದು, ಕೂಡದು ಎನ್ನುವವರು ಯಾರೆಂದು ಅವಳ ಮುಖ ನೋಡಿ ಹೇಳಿ. ಅವಳಿಗೆ ಮೂರು ಭಾಷೆ ಬರುತ್ತದೆ, ಯಾವುದಾದರೂ ಸರಿ.

ತಾವು ಉತ್ತರ ಬರೆಯುವುದಿಲ್ಲವೆಂದು ಬಲ್ಲೆ. ಆದ್ದರಿಂದ ಉಳಿದದ್ದನ್ನು ಬೇಲಿಯಾಚೆಗೇ ಕೇಳುತ್ತೇನೆ: ದಾಸಪ್ಪ, ಏನಾದರೂ ತಿಂದೆಯಾ?

ಇಂತಿ,
ತಮ್ಮ ಬೋರ್ಡನ್ನು ಓದಬಲ್ಲ ದುರದೃಷ್ಟದವನು,
ಅವಲಪಲ್ಲಿ, ಹೊಸೂರು, ೧೯೭೯